ಕೆಮ್ಮಣ್ಣು ಕಳಿಸಬೇಡ ಅವ್ವ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅವ್ವನಿಗೆ ನಮಸ್ಕಾರ. ನಾವು ಕ್ಷೇಮ. ಅಪ್ಪನಿಗೂ ಅಜ್ಜಿಗೂ ನಮಸ್ಕಾರ ತಿಳಿಸು.

ನಿನ್ನ ಕಾಗದ ಓದಿ ರಾತ್ರಿ ನಿದ್ದೆ ಬರಲಿಲ್ಲ. ಮಂಜನಿಗೆ ಹೇಳಬಾರದಿತ್ತು. ಹೌದು, ನನಗೆ ಸರ್ಪಸುತ್ತು ಆಗಿದೆ. ಆದರೆ ಹೊಟ್ಟೆಯಲ್ಲಿರುವ ಕೂಸು ಚೆನ್ನಾಗಿದೆ, ಈಗಲೂ ಒದೆಯುತ್ತಿದೆ.

ಹಾವಿನ ತಲೆಗೆ ಬಾಲ ಕೂಡಿದರೆ ಜೀವಕ್ಕೇ ಕುತ್ತು ಎಂದು ಅಜ್ಜಿ ಅಳುತ್ತಿದ್ದಾಳಂತೆ. ಕನ್ನಡಿ ಹಿಡಿದು ನಾನೇ ನೋಡಿಕೊಂಡಿದ್ದೇನೆ. ಗುಳ್ಳೆಗಳು ಬೆನ್ನುಮೂಳೆಯ ಎಡಕ್ಕೆ ಶುರುವಾಗಿ, ಪಕ್ಕೆ ಬಳಸಿ, ಹೊಕ್ಕುಳಕ್ಕೆ ನಾಲ್ಕು ಬೆರಳು ಇರುವಾಗಲೇ ನಿಂತಿವೆ. ಅದು ಒಂದು ನರದ ದಾರಿ. ಬಲಗಡೆಗೆ ದಾಟುವುದಿಲ್ಲ ಎಂದು ಅಜ್ಜಿಗೆ ಹೇಳು.

ಮೂರನೆಯ ತರಗತಿಯಲ್ಲಿ ನನ್ನ ಮೈಮೇಲೆ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಎದ್ದಾಗ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದೆಯಲ್ಲ, ಅದೇ ವೈರಸ್ ಇದು. ಗುಳ್ಳೆ ಮಾಗಿದರೂ ಅದು ಮೈಬಿಟ್ಟು ಹೋಗಿರಲಿಲ್ಲ, ಬೆನ್ನುಮೂಳೆಯ ಬದಿಯ ನರದ ಗಂಟಿನಲ್ಲಿ ಇಷ್ಟು ವರ್ಷ ಮಲಗಿತ್ತು. ಕೂಸನ್ನು ಹೊರಗಿನದೆಂದು ತಳ್ಳಿಬಿಡದಂತೆ ಬಸಿರಿಯ ಮೈ ತನ್ನ ಕಾವಲನ್ನು ಬದಲಿಸಿಕೊಳ್ಳುತ್ತದೆ. ಆಗ ಇಂಥವು ಎಚ್ಚರಗೊಳ್ಳಬಹುದು ಎಂದರು ಡಾಕ್ಟರ್. ಹೀಗೆಯೇ ಮೈಯೊಳಗೆ ಮಲಗಿರುವ ಬಿಕೆ, ಜೆಸಿ ಎಂಬ ವೈರಸ್‌ಗಳು ಆರೋಗ್ಯವಂತ ಬಸಿರಿಯರ ಮೂತ್ರದಲ್ಲೂ ಕಾಣಿಸುತ್ತವಂತೆ, ಅವರಿಗೆ ಗೊತ್ತೂ ಆಗುವುದಿಲ್ಲ. ಮಂಜನನ್ನು ಹೊತ್ತಾಗ ನಿನ್ನ ತುಟಿಯ ಮೇಲೆ ಗುಳ್ಳೆ ಏಳುತ್ತಿದ್ದವಲ್ಲ, ಅದೂ ಇಂಥದ್ದೇ ಇರಬೇಕು.

ಬ್ರಿಟನ್ ಮತ್ತು ಜರ್ಮನಿಯಲ್ಲಿ ಸರ್ಪಸುತ್ತಾದ 366 ಗರ್ಭಿಣಿಯರನ್ನು ಗಮನಿಸಿ 1994ರಲ್ಲಿ ವರದಿ ಪ್ರಕಟಿಸಿದ್ದಾರೆ. ಒಂದು ಕೂಸಿಗೂ ಅದರಿಂದ ಊನವಾಗಿರಲಿಲ್ಲ. ಬಸಿರಿಗೆ ಹೊಸದಾಗಿ ಅಮ್ಮ ಎದ್ದರೆ ಹೆದರಬೇಕು. ನನ್ನ ರಕ್ತದಲ್ಲಿ ಆಗಿನ ರಕ್ಷಣೆ ಇದೆ, ಅದು ಕೂಸಿಗೂ ಇಳಿಯುತ್ತದೆ.

ಕೆಮ್ಮಣ್ಣು ಕೊರಿಯರ್ ಮಾಡಬೇಡ. ಒಡೆದ ಗುಳ್ಳೆಗೆ ಮಣ್ಣು ತಾಗಿದರೆ ಕೀವಾಗುತ್ತದೆ. ಮಾತ್ರೆ ದಿನಕ್ಕೆ 5 ಸಲ, 7 ದಿನ. ಇಲ್ಲಿ ಬಸಿರಿಯರಿಗೆ ಡಾಕ್ಟರ್ ಬರೆದುಕೊಟ್ಟ ಔಷಧಿಗೆ ದುಡ್ಡಿಲ್ಲ, ಹೆರಿಗೆಯಾದ ಮೇಲೂ ಒಂದು ವರ್ಷ! ತಪಾಸಣೆಗೆ ಹೆಚ್ಚಾಗಿ ಸೂಲಗಿತ್ತಿಯೇ ಇರುತ್ತಾಳೆ, ಪದವಿ ಓದಿದವಳು. ನಮ್ಮ ಗಂಗಾವತಿಯ ಸೂಲಗಿತ್ತಿಯರಿಗೂ ಇಂಥ ಗೌರವ ಸಿಗಬೇಕಿತ್ತು.

ಉರಿ ಇದೆ, ಸುಳ್ಳು ಹೇಳುವುದಿಲ್ಲ. ರಾತ್ರಿ ಹತ್ತಿಯ ಬಟ್ಟೆ ತಾಗಿದರೂ ಚುಚ್ಚುತ್ತದೆ. ಆದರೆ ನಿನ್ನೆಯಿಂದ ಹೊಸ ಗುಳ್ಳೆ ಎದ್ದಿಲ್ಲ. ಕುಬಸದ ಹಸಿರು ಸೀರೆ, ಬಳೆ ತಲುಪಿವೆ. ಗುಳ್ಳೆ ಒಣಗಿದ ಮೇಲೆ ಉಡುತ್ತೇನೆ. ಹುಲಿಗೆಮ್ಮನಿಗೆ ಉಡಿ ತುಂಬುವುದಿದ್ದರೆ ತುಂಬು, ಬೇಡ ಎನ್ನುವುದಿಲ್ಲ.

ಅಂಚೆಗೆ ಹೊತ್ತಾಯಿತು, ಇವರು ಬಾಗಿಲಲ್ಲಿ ನಿಂತಿದ್ದಾರೆ. ನಾನು ಚೆನ್ನಾಗಿದ್ದೇನೆ, ಚೆನ್ನಾಗಿಯೇ ಇದ್ದೇನೆ.

ನಿನ್ನ ಮಗಳು,
ಸುಮಾ