ಮುಚ್ಚಳ ಬಿಚ್ಚಿಸಿ ನೋಡಿ, ಶಾಸಕರೇ

ಮಾನ್ಯ ಶಾಸಕರಿಗೆ ನಮಸ್ಕಾರ.

ಮರಾಠಿಯಲ್ಲಿ ಕೊಟ್ಟ ಮೂರು ಅರ್ಜಿಗೆ ಸಿಕ್ಕಿದ್ದು ಸ್ವೀಕೃತಿಯ ಮೊಹರು ಮಾತ್ರ. ಅದಕ್ಕೇ ಇದನ್ನು ಕನ್ನಡದಲ್ಲಿ, ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಮುಂಬಯಿ ಸುತ್ತಿನ ಶೆಡ್ಡುಗಳಲ್ಲಿ ವೈರು ಎಳೆಯುವ ಕಲಬುರಗಿ, ವಿಜಯಪುರದ ಹುಡುಗರಾದರೂ ಓದಲಿ.

ಮಾತು ಥಿನ್ನರ್, ಟಾಲ್ಯುಯೀನ್ ಎಂಬ ಬೇಗ ಹೊತ್ತಿಕೊಳ್ಳುವ ದ್ರಾವಕಗಳನ್ನು ತುಂಬುವ ಒಂದು ಶೆಡ್ಡಿನದು, ಅಲ್ಲಿನ ಕರೆಂಟಿನ ಬಾಕ್ಸುಗಳದು. ಟಾಲ್ಯುಯೀನ್ 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಮುಂಬಯಿಯ ಯಾವ ಚಳಿಗಾಲ ಅಷ್ಟಕ್ಕೆ ಇಳಿದಿದೆ? ಗಾಳಿಗಿಂತ ಮೂರು ಪಟ್ಟು ಭಾರದ ಆ ಆವಿ ನೆಲ ಹಿಡಿದು ಹರಿದು ಕೇಬಲ್ ಟ್ರೆಂಚಿನಲ್ಲಿ ಕೂರುತ್ತದೆ. ಅದಕ್ಕೇ ಟ್ರೆಂಚಿಗೆ ಮರಳು ತುಂಬಬೇಕು. ಇಲ್ಲಿ ತುಂಬಿರುವುದು ಗುಟ್ಕಾ ಚೀಟಿ.

ಇಂಥ ಕಡೆ ಸ್ವಿಚ್ಚು, ವೈರಿನ ಜೋಡಣೆ ಕೂರಿಸುವ ಫ್ಲೇಮ್‌ಪ್ರೂಫ್ ಬಾಕ್ಸು ಆವಿಯನ್ನು ತಡೆಯುವುದಿಲ್ಲ. ಒಳಗೆ ಸೇರಿದ ಆವಿ ಸಿಡಿದರೂ ಒತ್ತಡ ತಾಳಿಕೊಂಡು, ಮಿಲಿಮೀಟರಿನ ಹತ್ತನೇ ಭಾಗಗಳಲ್ಲಿ ಅಳೆಯುವ ಮುಚ್ಚಳದ ಸಂದಿಯಲ್ಲಿ ಉರಿಯನ್ನು ತಣಿಸಿ ಹೊರಬಿಡುತ್ತದೆ. ಎಂಟು ಬೋಲ್ಟಿನ ಕಡೆ ಮೂರು, ಬಳಸದ ತೂತಿಗೆ ಸರ್ಟಿಫೈಡ್ ಪ್ಲಗ್ಗಿನ ಬದಲು ಪುಟ್ಟಿ, ಕೇಬಲ್ಲು ಒಳಹೋಗುವಲ್ಲಿ ಅದನ್ನು ಬಿಗಿಹಿಡಿಯುವ ಡಬಲ್ ಕಂಪ್ರೆಶನ್ ಗ್ಲ್ಯಾಂಡಿನ ಜಾಗದಲ್ಲಿ ಪ್ಲಾಸ್ಟಿಕ್ಕು ಇದ್ದರೆ ಉರಿ ಕೋವಿಯ ನಳಿಗೆಯಿಂದ ಬಂದಂತೆ ಚಿಮ್ಮುತ್ತದೆ. ಗ್ಲ್ಯಾಂಡಿನ ಥ್ರೆಡ್ ಕನಿಷ್ಠ 5 ಸುತ್ತು ಕೂತಿರಬೇಕು. ಇಲ್ಲಿ ಎರಡು, ಅದೂ ಟೇಪು ಸುತ್ತಿ.

ತಪಾಸಣೆಯ ಹಿಂದಿನ ದಿನ ಪೇಂಟರ್ ಕರೆಸಿ ಎಲ್ಲ ಬಾಕ್ಸಿಗೂ ಬೂದು ಬಣ್ಣ ಬಳಿಸಿದರು. ಮುಚ್ಚಳ ಕೂರುವ ಮುಖಕ್ಕೂ! ಅಲ್ಲಿ ಬಣ್ಣ ತಾಗಲೇಬಾರದು, ಹಚ್ಚುವುದಾದರೆ ಗಟ್ಟಿಯಾಗದ ಗ್ರೀಸು. ಬಾಕ್ಸು ಯಾವ ಅನಿಲಕ್ಕೆ ಸರಿ, ಎಷ್ಟು ಬಿಸಿಯಾಗಬಹುದು ಎಂದು ಹೇಳುವ ಗ್ಯಾಸ್ ಗ್ರೂಪ್, ಟಿ-ಕ್ಲಾಸ್ ಕೊರೆದ ತಗಡೂ ಬಣ್ಣದಡಿ ಹೋಯಿತು. ಸಾಹೇಬರು ಬಂದರು, ಹೊಳಪು ನೋಡಿದರು, ‘ಸಮಾಧಾನಕಾರಕ’ ಎಂದು ಬರೆದು ಚಹಾ ಕುಡಿದು ಹೋದರು. ಬಣ್ಣದ ಬಗ್ಗೆ ಬರೆದಿದ್ದರೆ ನನ್ನದೂ ತಕರಾರಿಲ್ಲ.

ನಿಯಮ ನಿಮಗೆ ಗೊತ್ತೇ ಇದೆ: 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಮು, ಸಿಡಿಯುವ ಆವಿ ಇರುವಲ್ಲಿನ ವಿದ್ಯುತ್ ಸಾಮಾನಿನ ಮಾನದಂಡವಾದ ಐಎಸ್/ಐಇಸಿ 60079ರ 14 ಮತ್ತು 17ನೇ ಭಾಗ. 17ರಲ್ಲಿ ತಪಾಸಣೆಗೆ ಮೂರು ದರ್ಜೆ: ಕಣ್ಣಿಂದ ನೋಡುವುದು, ಹತ್ತಿರದಿಂದ ನೋಡುವುದು, ಬಿಚ್ಚಿ ನೋಡುವುದು. ನಮ್ಮವರದು ಮೊದಲನೆಯದೂ ಬಾಗಿಲಲ್ಲೇ ಮುಗಿಯುತ್ತದೆ.

ಡೊಂಬಿವಲಿಯ ಕೆಮಿಕಲ್ ಕಾರ್ಖಾನೆ ಸ್ಫೋಟಗಳು: 2016ರ ಮೇ, ಮತ್ತೆ 2024ರ ಮೇ. ಅವಕ್ಕೆ ವೈರಿಂಗ್ ಕಾರಣ ಎನ್ನುತ್ತಿಲ್ಲ. ಎರಡೂ ಸಲ ಸುತ್ತಲಿನ ಮನೆಗಳ ಗಾಜೂ ಪುಡಿಯಾಯಿತು ಎಂದಷ್ಟೇ ಹೇಳುತ್ತಿದ್ದೇನೆ.

ಮುಚ್ಚಳ ಬಿಚ್ಚಿಸಿ ನೋಡಿ. ಮೇನ್ ಇಳಿಸಿ, ಬೀಗ ಹಾಕಿ, ಗ್ಯಾಸ್ ಮೀಟರ್ ಸೊನ್ನೆ ತೋರಿಸಿದ ಮೇಲೆ ಬಿಚ್ಚಿಸಿ ನೋಡಿ. ನಿಮಗೆ ಪುರುಸೊತ್ತಿಲ್ಲದಿದ್ದರೆ ಅಧಿಕಾರಿಯನ್ನೇ ಕಳಿಸಿ, ಕೈಗೊಂದು ಬೋಲ್ಟು ಬಿಚ್ಚುವ ಅಲೆನ್ ಕೀ ಕೊಟ್ಟು. ದಿನಾಂಕ ಮಾತ್ರ ಮೊದಲೇ ಹೇಳಬೇಡಿ. ಪೇಂಟರ್ ಅಲ್ಲೇ ಪಕ್ಕದ ಓಣಿಯಲ್ಲಿದ್ದಾನೆ.

ಇಂತಿ,
ಒಬ್ಬ ವೈರಿಂಗ್ ಸೂಪರ್‌ವೈಸರ್