ಟ್ರೈಲರ್ ಬ್ರೇಕ್ ಕಂಟ್ರೋಲರ್ ಕೊಳ್ಳುವ ಮುನ್ನ

ಎಲ್ಲರಿಗೂ ನಮಸ್ಕಾರ. ಟೊಮೆಟೊ ಹೇರಿಕೊಂಡು ಕೋಲಾರದ ಎಪಿಎಂಸಿಗೆ ಬರುವವರು ದಯವಿಟ್ಟು ಪೂರ್ತಿ ಓದಿ. 15 ಕೆ.ಜಿ.ಯ 200 ಬಾಕ್ಸ್ ಎಂದರೆ 3 ಟನ್. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಆ ಭಾರವೆಲ್ಲ ಹಿಂದಿನಿಂದ ನೂಕುತ್ತದೆ. ಹೋದ ವಾರ ನನ್ನ ಟ್ರೈಲರ್ ಹೀಗೇ ಅಡ್ಡ ತಿರುಗಿತು. ಇಳಿದು ನೋಡಿದರೆ ಕೊಂಡಿಯ ಪಿನ್ನು ಬಿಲ್ಲಿನಂತೆ ಬಾಗಿತ್ತು. ಕೈಕಾಲು ನಡುಗಿದವು. ಇದನ್ನು ತಡೆಯಲು ನೆರವಾಗುವುದೇ ಟ್ರೈಲರ್ ಬ್ರೇಕ್ ಕಂಟ್ರೋಲರ್, ಅಂದರೆ ನಾವು ಬ್ರೇಕ್ ಒತ್ತಿದಾಗ ಟ್ರೈಲರ್ ಚಕ್ರಗಳ ಬ್ರೇಕೂ ಹಿಡಿಯುವಂತೆ ಮಾಡುವ, ಎಳೆಯುವ ಗಾಡಿಯಲ್ಲಿ ಕೂರಿಸುವ ಸಾಧನ.

ಮೊದಲು ಟ್ರೈಲರ್ ಕೆಳಗೆ ಬಗ್ಗಿ ನೋಡಿ. ಚಕ್ರಗಳಲ್ಲಿ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಮಾತ್ರ ಈ ಕಂಟ್ರೋಲರ್ ಉಪಯೋಗಕ್ಕೆ ಬರುತ್ತದೆ. ಬ್ರೇಕೇ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಕಂಟ್ರೋಲರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಟೈಮ್ ಡಿಲೇ ಅಗ್ಗ, ಆದರೆ ನೀವು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಮೊದಲೇ ಹೊಂದಿಸಿಟ್ಟಷ್ಟೇ ಬಲ ಕೊಡುತ್ತದೆ. ತುಂಬಿದ ಗಾಡಿಗೆ ಹೊಂದಿಸಿದ್ದನ್ನು ಹಾಗೇ ಬಿಟ್ಟರೆ, ಖಾಲಿ ಬರುವಾಗ ಚಕ್ರ ಕಚ್ಚಿ ಜಾರುತ್ತದೆ. ಪ್ರಪೋರ್ಷನಲ್ ಬಗೆಯದು ವಾಹನ ಎಷ್ಟು ವೇಗವಾಗಿ ನಿಧಾನವಾಗುತ್ತಿದೆ ಎಂಬುದನ್ನು ಗ್ರಹಿಸಿ ಅದಕ್ಕೆ ತಕ್ಕಷ್ಟೇ ಹಿಡಿಯುತ್ತದೆ. ಬೆಳಿಗ್ಗೆ ತುಂಬಿ, ಮಧ್ಯಾಹ್ನ ಖಾಲಿ ಓಡಿಸುವ ನಮಗೆ ಇದೇ ಸರಿ. ಆದರೂ ಭಾರ ಬದಲಾದಾಗ ಗೇನ್ (ಟ್ರೈಲರ್ ಬ್ರೇಕ್ ಎಷ್ಟು ಬಲವಾಗಿ ಹಿಡಿಯಬೇಕೆಂಬ ಮಟ್ಟ) ತಿರುಗಿಸಿ ಸರಿಪಡಿಸಲೇಬೇಕು.

ಟ್ರೈಲರ್ ತೂಗಾಡಿದರೆ ಕಂಟ್ರೋಲರ್‌ನ ಕೈಗುಂಡಿಯಿಂದ ಟ್ರೈಲರ್ ಬ್ರೇಕನ್ನು ಮಾತ್ರ ಮೆಲ್ಲಗೆ ಹಿಡಿಯಿರಿ. ಗಾಡಿ ಓಡಿಸುವ ಹುಡುಗರಿಗೂ ಇದನ್ನು ತೋರಿಸಿಕೊಡಿ.