ಕುಕ್ಕರ್ ಹೊತ್ತು ಬರಬೇಡ, ಗೆಳೆಯಾ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಎರಡು ಸೂಟ್‌ಕೇಸಲ್ಲಿ ಒಂದು ಪೂರ್ತಿ ಅವಲಕ್ಕಿ, ಸಾರಿನ ಪುಡಿ, ಉಪ್ಪಿನಕಾಯಿ, ಕುಕ್ಕರ್‌ಗೇ ಹೋಯ್ತು ಅಂದೆಯಲ್ಲ, ಅದಕ್ಕೇ ಈ ಪತ್ರ. ಸಾರಿನ ಪುಡಿ ಖಂಡಿತ ತಾ, ನನಗೂ ಬೇಕು. ಉಳಿದದ್ದರಲ್ಲಿ ಅರ್ಧ ಇಳಿಸು. ಮಾಂಸ ಮುಟ್ಟದವನು ಅಂತ ನೀನು ತೈವಾನಿನಲ್ಲಿ ಉಪವಾಸ ಬೀಳುವುದಿಲ್ಲ. ಆದರೆ ದಿನಾ ರೂಮಲ್ಲೇ ಕುಕ್ಕರ್ ಕೂಗಿಸಿಕೊಂಡು ಕೂತರೆ ಈ ಶಿನ್‌ಚು ಊರು ನಿನಗೆ ಸಿಗುವುದೇ ಇಲ್ಲ. ಇಲ್ಲಿಯ ಜನ ನನಗೆ ಪರಿಚಯ ಆಗಿದ್ದು ಆಫೀಸಿನಲ್ಲಿ ಅಲ್ಲ, ಬೀದಿ ಬದಿಯ ಚಿಕ್ಕ ಹೋಟೆಲುಗಳಲ್ಲಿ.

ಇಂಥ ಹೋಟೆಲಲ್ಲಿ ಒಲೆ ಬಾಗಿಲ ಹತ್ತಿರವೇ ಇರುತ್ತದೆ. ಸ್ಟೀಲ್ ಕಟ್ಟೆಯ ಮೇಲೆ ನೀರು ಸದಾ ಕುದಿಯುತ್ತಿರುತ್ತದೆ. ಉದ್ದ ಹಿಡಿಯ ಜಾಲರಿ ಬುಟ್ಟಿಗೆ ಒಂದು ಹಿಡಿ ನೂಡಲ್ಸ್ ಹಾಕಿ ಅದರಲ್ಲಿ ಮುಳುಗಿಸುತ್ತಾರೆ. ಬೆಂದ ಮೇಲೆ ಎತ್ತಿ, ಜೋರಾಗಿ ಕೊಡವಿ, ಬಟ್ಟಲಿಗೆ ಸುರಿಯುತ್ತಾರೆ. ಬಟ್ಟಲ ತಳದಲ್ಲಿ ಆಗಲೇ ಅರೆದ ಎಳ್ಳು, ಸೋಯಾ ಸಾಸ್ ಇರುತ್ತದೆ. ಮೇಲೆ ಒಂದಿಷ್ಟು ಹೆಚ್ಚಿದ ಈರುಳ್ಳಿ ಸೊಪ್ಪು. ಕಲಸಿಕೊಳ್ಳುವುದು ನಮ್ಮ ಕೆಲಸ. ಬಿಸಿ ಇರುವಾಗಲೇ ತಳದಿಂದ ಕಲಸಬೇಕು, ತಡ ಮಾಡಿದರೆ ಎಳ್ಳು ಗಟ್ಟಿಯಾಗಿ ಎಲ್ಲ ಒಂದೇ ಮುದ್ದೆ ಆಗುತ್ತದೆ. ಆ ಎಳ್ಳಿನ ಘಮ ಮೂಗಿಗೆ ಬಡಿದರೆ ನಿನಗೆ ಊರು ನೆನಪಾಗುತ್ತದೆ ನೋಡು.

ಆರ್ಡರ್ ಮಾಡುವುದು ಸುಲಭ. ಟೇಬಲ್ ಮೇಲೆ ಮೆನು ಚೀಟಿ, ಪೆನ್ಸಿಲ್ ಇರುತ್ತದೆ. ಫೋನಿನ ಕ್ಯಾಮೆರಾ ಹಿಡಿದು ಓದಿಕೋ. ಬೇಕಾದ್ದರ ಮುಂದೆ ಗುರುತು ಹಾಕು, ಟೇಬಲ್ ನಂಬರ್ ಬರೆದು ಕೊಡು. ಪಕ್ಕದಲ್ಲೊಂದು ಗಾಜಿನ ಫ್ರಿಜ್ಜು. ಅದರಲ್ಲಿ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಬೆಳ್ಳುಳ್ಳಿ ಹಾಕಿದ ಸೌತೆಕಾಯಿ, ಕಡಲಕಳೆ, ಸೋಯಾದ ಗಟ್ಟಿ ತೋಫು, ಕಡಲೆಕಾಯಿ. ಬೇಕಾದ್ದನ್ನು ನಾವೇ ತೆಗೆದುಕೊಂಡು ಬರಬೇಕು. ಎಷ್ಟು ತಟ್ಟೆ ತಿಂದೆ ಅಂತ ಆಮೇಲೆ ಲೆಕ್ಕ.

ಇಲ್ಲೇ ನೀನು ಹುಷಾರಾಗಿರಬೇಕು. ಆ ತೋಫು, ಕಡಲಕಳೆ ನೋಡಲು ಸಸ್ಯಾಹಾರವೇ. ಆದರೆ ಎಷ್ಟೋ ಕಡೆ ಹಂದಿ ಮಾಂಸ ಬೆಂದ ಸೋಯಾ ರಸದಲ್ಲೇ ಅವನ್ನೂ ಬೇಯಿಸುತ್ತಾರೆ. ಬೇಯಿಸಿದ ಸೊಪ್ಪು ಕೇಳಿದರೂ ಮೇಲೆ ಒಂದು ಸೌಟು ಮಾಂಸದ ಗ್ರೇವಿ ಬೀಳುತ್ತದೆ. ಎಳ್ಳಿನ ನೂಡಲ್ಸಿಗೂ ಕೆಲವರು ಹಂದಿ ಕೊಬ್ಬು ಸೇರಿಸುತ್ತಾರೆ. ಮೋಸ ಅಲ್ಲ, ಅವರ ಮಟ್ಟಿಗೆ ಅದು ರುಚಿ, ಅಷ್ಟೇ. ಹಾಗಾಗಿ ಮೊದಲೇ ‘ವೋ ಛ್ರ್ ಸೂ’ ಅನ್ನು. ನಾನು ಸಸ್ಯಾಹಾರಿ ಅಂತ. ಇದೊಂದನ್ನು ಬಾಯಿಪಾಠ ಮಾಡಿಕೊಂಡು ವಿಮಾನ ಹತ್ತು. ಇಷ್ಟು ಹೇಳಿದರೆ ಯಜಮಾನಿ ತಾನೇ ಎದ್ದು ಬಂದು ಇದು ಆಗುತ್ತದೆ, ಇದು ಆಗಲ್ಲ ಅಂತ ಬೆರಳಿಟ್ಟು ತೋರಿಸುತ್ತಾಳೆ. ಯಾಕೆ, ಏನು ಅಂತ ನನ್ನ ಜೊತೆ ಬಂದ ಸ್ನೇಹಿತರನ್ನು ಯಾರೂ ಕೇಳಿದ್ದಿಲ್ಲ.

ಯಾಕೆಂದರೆ ಅವರಿಗೆ ಇದು ಹೊಸದಲ್ಲ. ಬೌದ್ಧರ ದೆಸೆಯಿಂದ ಇಲ್ಲಿ ಸಸ್ಯಾಹಾರಿ ಹೋಟೆಲುಗಳು ಊರೂರಲ್ಲೂ ಇವೆ. ಎಷ್ಟೋ ಬೋರ್ಡುಗಳ ಮೇಲೆ ಸ್ವಸ್ತಿಕದ ಗುರುತು ಇರುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಅವರ ಪಂಚಾಂಗದ ತಿಂಗಳಲ್ಲಿ 1ನೇ ಮತ್ತು 15ನೇ ದಿನ ಮಾಂಸ ಬಿಡುವವರು ಬಹಳ. ಅವತ್ತು ಬೇಗ ಹೋಗು, ಜಾಗ ಸಿಗಲ್ಲ. ಉದ್ದಕ್ಕೆ ಇಟ್ಟ ಟ್ರೇಗಳಿಂದ ನಿನಗೆ ಬೇಕಾದ ಪಲ್ಯ, ತೋಫು, ಅಣಬೆ ಬಡಿಸಿಕೊಂಡು ಹೋದರೆ, ಕೆಲವು ಕಡೆ ತೂಕ ಹಾಕುತ್ತಾರೆ, ಕೆಲವು ಕಡೆ ತಟ್ಟೆ ನೋಡಿಯೇ ದುಡ್ಡು ಹೇಳುತ್ತಾರೆ.

ನಿನ್ನ ಅಮ್ಮನಿಗೆ ಇದನ್ನು ಹೇಳು, ಖುಷಿಪಡುತ್ತಾರೆ. ಕಟ್ಟುನಿಟ್ಟಾದ ಸಸ್ಯಾಹಾರಿ ಅಡುಗೆಯಲ್ಲಿ ಇವರು ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಹಳೆಯ ಬೌದ್ಧ ನಿಯಮದಲ್ಲಿ ಬಿಡಬೇಕಾದ ಐದು ಘಾಟು ಪದಾರ್ಥಗಳ ಪೈಕಿ ಇಂಗೂ ಒಂದು! ನಮ್ಮ ಮಠದ ಅಡುಗೆಯವರು ಈರುಳ್ಳಿ ಬಿಟ್ಟು ಇಂಗು ಹಿಡಿದರು, ಇವರು ಎರಡನ್ನೂ ಬಿಟ್ಟರು. ಹಾಗಾದರೆ ರುಚಿ ಎಲ್ಲಿಂದ ಬರುತ್ತದೆ ಅಂತೀಯಾ? ಶುಂಠಿ, ಕರಿ ಎಳ್ಳಿನ ಎಣ್ಣೆ, ಒಣಗಿಸಿದ ಅಣಬೆ, ಸೋಯಾ. ಅಂಗಡಿಯ ಪೊಟ್ಟಣಗಳ ಮೇಲೂ ಸಸ್ಯಾಹಾರ ಯಾವ ಬಗೆಯದು ಅಂತ ಬರೆದಿರುತ್ತದೆ. ಹಾಲು ಇದ್ದದ್ದು, ಮೊಟ್ಟೆ ಇದ್ದದ್ದು, ಎರಡೂ ಇಲ್ಲದ್ದು, ಹೀಗೆ.

ನಾನು ಎಲ್ಲ ತಿನ್ನುವವನು, ನಿನಗೆ ಗೊತ್ತು. ನನ್ನ ಮೆಚ್ಚಿನದು ಲು-ರೌ-ಫಾನ್. ಸಣ್ಣಗೆ ಹೆಚ್ಚಿದ ಹಂದಿ ಮಾಂಸವನ್ನು ಸೋಯಾ, ಕರಿದ ಚಿಕ್ಕ ಈರುಳ್ಳಿ ಜೊತೆ ತಾಸುಗಟ್ಟಲೆ ಬೇಯಿಸಿ ಬಿಸಿ ಅನ್ನದ ಮೇಲೆ ಹಾಕುತ್ತಾರೆ. ಚಿಕ್ಕ ಬಟ್ಟಲಿಗೆ ಸುಮಾರು 40–50 ತೈವಾನ್ ಡಾಲರ್, ಅಂದರೆ ನಮ್ಮ ನೂರೈವತ್ತು ರೂಪಾಯಿಯ ಒಳಗೇ. ಮಾಂಸದ ಬದಲು ಅಣಬೆ ಹಾಕಿದ್ದು ಸಸ್ಯಾಹಾರಿ ಹೋಟೆಲಲ್ಲಿ ನಿನಗೂ ಸಿಗುತ್ತದೆ. ಪಕ್ಕದ ಟೇಬಲ್ಲಿನಲ್ಲಿ ದನದ ಮಾಂಸದ ನೂಡಲ್ಸ್ ಕಂಡರೆ ಕಸಿವಿಸಿ ಮಾಡಿಕೊಳ್ಳಬೇಡ. 1949ರ ನಂತರ ಚೀನಾದಿಂದ ಬಂದ ಸೈನಿಕರ ಜೊತೆ ಬೆಳೆದ ಅಡುಗೆ ಅದು. ಹೊಲ ಉತ್ತ ಎತ್ತನ್ನು ತಿನ್ನಬಾರದು ಅಂತ ಇಲ್ಲಿಯ ಹಳೆಯ ರೈತ ಮನೆಗಳಲ್ಲಿ ಇವತ್ತಿಗೂ ಮುಟ್ಟದವರಿದ್ದಾರೆ.

ಇನ್ನು ಚಿಲ್ಲರೆ ವಿಷಯ. ಕೂತ ಕೂಡಲೇ ನೀರು ತಂದಿಡುವ ಪದ್ಧತಿ ಇಲ್ಲ, ಬಾಟಲಿ ಇಟ್ಟುಕೋ. ಕಾರ್ಡ್ ನಂಬಬೇಡ, ಕೈಯಲ್ಲಿ ಕಾಸಿರಲಿ. ಟಿಪ್ಸ್ ಕೊಡಬೇಕಿಲ್ಲ. ಮಧ್ಯಾಹ್ನ 2ರಿಂದ 5ರ ತನಕ ತುಂಬಾ ಕಡೆ ಬಾಗಿಲು ಹಾಕಿರುತ್ತದೆ, ರಾತ್ರಿ ಊಟವೂ ಬೇಗ. ಚಾಪ್‌ಸ್ಟಿಕ್ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಡಬೇಡ. ಸತ್ತವರಿಗೆ ಊದುಬತ್ತಿ ಹಚ್ಚಿಡುವುದು ಹಾಗೆ, ಹಿರಿಯರಿಗೆ ತುಂಬಾ ಬೇಜಾರಾಗುತ್ತದೆ. ಕಡ್ಡಿ ಹಿಡಿಯಲು ಬರಲಿಲ್ಲವಾ, ಚಮಚ ಕೇಳು, ಕೊಡುತ್ತಾರೆ.

ನೀನು ಬಂದ ಮೊದಲ ಶನಿವಾರ ಚೆಂಗ್‌ಹುವಾಂಗ್ ದೇವಸ್ಥಾನಕ್ಕೆ ಹೋಗೋಣ. 1748ರಲ್ಲಿ ಕಟ್ಟಿದ್ದು, ಊರು ಕಾಯುವ ದೇವರ ಗುಡಿ. ಅದರ ಸುತ್ತ, ಗುಡಿಯ ಅಂಗಳದವರೆಗೂ ತಿಂಡಿ ಅಂಗಡಿಗಳೇ. ಈ ಊರಿನ ಅಕ್ಕಿ ಶಾವಿಗೆ ಹೆಸರುವಾಸಿ, ಇಲ್ಲಿಯ ಜೋರು ಗಾಳಿಗೆ ಒಣಗಿಸಿ ಮಾಡುತ್ತಿದ್ದದ್ದು. ಮಾಂಸ ಹಾಕದೆ ಹುರಿದುಕೊಡುವವರನ್ನು ಅಷ್ಟರಲ್ಲಿ ನಾನು ವಿಚಾರಿಸಿ ಇಟ್ಟಿರುತ್ತೇನೆ. ಬೆಳಗ್ಗೆ ತಿಂಡಿ ಜಾಸ್ತಿ ತಿನ್ನಬೇಡ. ಹನ್ನೊಂದಕ್ಕೆ ಸ್ಟೇಷನ್ ಮುಂದೆ ನಿಂತಿರುತ್ತೇನೆ.

ನಿನ್ನ ಗೆಳೆಯ